ಹಸಿರು ಕಾರ್ಡಿನ ಅಡುಗೆ

ಫೆಬ್ರವರಿ 11

ಅಪ್ಪನಿಗೆ,

ಹೋದ ತಿಂಗಳು ನೀನು ಬರೆದದ್ದು ಮೂರೇ ಸಾಲು. ಅದರಲ್ಲಿ ಎರಡು ಕ್ಯಾಂಪಿಗೆ ಬಂದ ಕೊಳೆತ ಈರುಳ್ಳಿಯ ಬಗ್ಗೆ. ಸುರಂಗ ಕೊರೆಯುವ ನೂರ ನಲವತ್ತು ಜನರಿಗೆ ಮೂರು ಹೊತ್ತು ಬೇಯಿಸಿ ಹಾಕುವವನಿಗೆ ಪುರುಸೊತ್ತು ಎಲ್ಲಿಂದ ಬರಬೇಕು, ಗೊತ್ತು. ಆದರೆ ಆ ಬೆಟ್ಟದಲ್ಲಿ ಫೋನು ಸಿಕ್ಕುವುದಿಲ್ಲ. ವಾರಕ್ಕೊಮ್ಮೆ ಸಾಮಾನಿನ ಲಾರಿಯ ಜೊತೆ ಬರುವ ಅಂಚೆಯೇ ನಮಗೆ ಗತಿ. ಹಾಗಾಗಿ ನಾನೇ ಉದ್ದಕ್ಕೆ ಬರೆಯುತ್ತೇನೆ, ನೀನು ಒಲೆಯ ಮುಂದೆ ನಿಂತೇ ಓದು.

ನಿನಗೆ ಇವರ ಸುದ್ದಿ ಬೇಡ ಎಂದು ಗೊತ್ತು. ಮದುವೆಯಾಗಿ ಏಳು ವರ್ಷವಾದರೂ ನೀವಿಬ್ಬರೂ ಮುಖ ಕೊಟ್ಟು ಮಾತಾಡಿಲ್ಲ. ಆದರೂ ಹೇಳದೆ ವಿಧಿಯಿಲ್ಲ. ಇವರು ಏಣಿಯಿಂದ ಬಿದ್ದರು. ಔಷಧಿ ಅಂಗಡಿಯ ಬಾಗಿಲ ಮೇಲೆ ಹೆಸರು ಬರೆಯುತ್ತಿದ್ದರಂತೆ. ಕೊನೆಯ ಅಕ್ಷರ ಹೇಗೆ ಬಂದಿದೆ ನೋಡೋಣ ಎಂದು ಒಂದು ಹೆಜ್ಜೆ ಹಿಂದಕ್ಕೆ ಇಟ್ಟರಂತೆ, ನಿಂತಿರುವುದು ಏಣಿಯ ಮೇಲೆ ಎಂಬುದನ್ನೇ ಮರೆತು. ಬಲಗಾಲಿನ ಮೂಳೆ ಎರಡು ಕಡೆ ಮುರಿದಿದೆ. ತೊಡೆಯವರೆಗೆ ಪ್ಲಾಸ್ಟರು. ಮೂರು ತಿಂಗಳು ಕೆಲಸದ ಮಾತಿಲ್ಲ. ಕಿಟಕಿಯ ಪಕ್ಕ ಕುಳಿತು ಬೀದಿಯಲ್ಲಿ ಹೋಗುವ ವ್ಯಾನುಗಳ ಮೇಲಿನ ಅಕ್ಷರಗಳಲ್ಲಿ ತಪ್ಪು ಹುಡುಕುತ್ತಾರೆ.

ನನ್ನ ಹೊಲಿಗೆ ನಡೆದಿದೆ. ಈ ತಿಂಗಳು ಶಾಲೆಯ ಯೂನಿಫಾರ್ಮು, ಬರೀ ಕಾಲರುಗಳು. ಕಣ್ಣು ಮುಚ್ಚಿದರೂ ಕಾಲರುಗಳೇ ಕಾಣುತ್ತವೆ.

ನಿನ್ನಿಂದ ಒಂದು ಸಹಾಯ ಬೇಕು. ಕುಂಬಳಕಾಯಿಯನ್ನು ಆರು ವರ್ಷದ ಮಗು ತಿನ್ನುವ ಹಾಗೆ ಮಾಡುವುದು ಹೇಗೆ? ಬೀಟ್‌ರೂಟ್? ಎರಡು ಬಗೆಯ ಸೊಪ್ಪೂ ಇದೆ, ಒಣ ಬಟಾಣಿ ಇದೆ. ಎಲ್ಲ ಸ್ವಲ್ಪ ಅಗ್ಗಕ್ಕೆ ಸಿಕ್ಕಿತು. ನನಗೆ ಆಲೂಗಡ್ಡೆ ಬಿಟ್ಟು ಬೇರೇನೂ ಸರಿಯಾಗಿ ಬಾರದು ಎಂದು ನಿನಗೆ ಗೊತ್ತೇ ಇದೆ. ಹಗಲಿಡೀ ಮನೆಯಲ್ಲಿರುವವರು ಇವರು, ಅಡುಗೆ ಮಾಡುವವರೂ ಇವರೇ. ನಿನ್ನೆ ಬೀಟ್‌ರೂಟನ್ನು ಸಿಪ್ಪೆಯ ಸಮೇತ ಹುರಿದರು.

ಗುಬ್ಬಿ ಚೆನ್ನಾಗಿದ್ದಾಳೆ. ಎಲ್ಲರೂ ಚೆನ್ನಾಗಿದ್ದೇವೆ.

ನಿನ್ನ ಮಗಳು


ಫೆಬ್ರವರಿ 22

ಮಗಳೇ,

ಪತ್ರ ಬಂತು. ಏಣಿಯ ಮೇಲೆ ನಿಂತು ಹಿಂದಕ್ಕೆ ಹೆಜ್ಜೆ ಇಡುವ ಮನುಷ್ಯನ ಬಗ್ಗೆ ನಾನೇನೂ ಹೇಳುವುದಿಲ್ಲ. ಮೂಳೆ ಕೂಡಬೇಕಾದರೆ ಹಾಲು, ಬೇಳೆ, ಮೊಟ್ಟೆ ಹೊಟ್ಟೆಗೆ ಬೀಳಬೇಕು. ಅಷ್ಟು ಹೇಳು.

ಕುಂಬಳಕಾಯಿಯನ್ನು ನೀರಿನಲ್ಲಿ ಬೇಯಿಸಬೇಡಿ. ಬೆರಳಿನಷ್ಟು ದಪ್ಪಕ್ಕೆ ಕತ್ತರಿಸಿ, ಎಣ್ಣೆ ಸವರಿ, ದಪ್ಪ ತಳದ ಬಾಣಲೆಯಲ್ಲಿ ಮುಚ್ಚಿಡಿ. ಅಂಚು ಕಂದು ಬಣ್ಣಕ್ಕೆ ಬಂದ ಮೇಲೆ ಉಪ್ಪು, ಒಂದು ಚಿಟಿಕೆ ಮೆಣಸಿನ ಪುಡಿ. ಅದರಲ್ಲಿ ಇರುವ ಸಿಹಿ ತಾನೇ ಹೊರಗೆ ಬರುತ್ತದೆ. ಮಗುವಿಗೆ ಅದು ತರಕಾರಿ ಎಂದು ಹೇಳಬೇಡಿ. ಏನೂ ಹೇಳದೆ ತಟ್ಟೆಯಲ್ಲಿಟ್ಟು ನೀವು ಬೇರೆ ಕಡೆ ನೋಡಿ.

ಬೀಟ್‌ರೂಟನ್ನು ಸಿಪ್ಪೆ ಸಮೇತ ಬೇಯಿಸಬೇಕು, ಹುರಿಯಬಾರದು. ಬೆಂದ ಮೇಲೆ ಸಿಪ್ಪೆ ಕೈಯಲ್ಲೇ ಜಾರುತ್ತದೆ. ಬಟಾಣಿಯನ್ನು ಬೆಳಿಗ್ಗೆ ನೆನೆಹಾಕಿದರೆ ಸಂಜೆಗೆ ಸಿದ್ಧ. ಉಪ್ಪು ಕೊನೆಗೆ.

ಈಗ ನಾನು ಒಂದು ಕೇಳುತ್ತೇನೆ. ಮೂರು ಜನರ ಮನೆ. ಒಬ್ಬ ಮಲಗಿದ್ದಾನೆ, ದುಡಿಯುವವಳು ನೀನೊಬ್ಬಳು. ಹಾಗಿದ್ದೂ ಒಂದೇ ವಾರದಲ್ಲಿ ಕುಂಬಳಕಾಯಿ, ಬೀಟ್‌ರೂಟ್, ಎರಡು ಬಗೆಯ ಸೊಪ್ಪು, ಬಟಾಣಿ. ನಲವತ್ತು ವರ್ಷ ಅಡುಗೆಮನೆಯಲ್ಲಿ ಬೆಂದವನು ನಾನು. ಚೀಲ ನೋಡಿದರೆ ಮನೆಯ ಸ್ಥಿತಿ ಹೇಳುತ್ತೇನೆ. ಈ ಚೀಲಕ್ಕೂ ಆ ಮನೆಗೂ ತಾಳೆಯಾಗುತ್ತಿಲ್ಲ. ಎಲ್ಲಿಂದ ಬಂತು?

ಅಪ್ಪ


ಮಾರ್ಚ್ 3

ಅಪ್ಪನಿಗೆ,

ನಿನ್ನ ಹತ್ತಿರ ಏನೂ ಮುಚ್ಚಿಡಲು ಆಗುವುದಿಲ್ಲ. ಚಿಕ್ಕಂದಿನಲ್ಲಿ ಸಕ್ಕರೆ ಡಬ್ಬಿ ಮುಟ್ಟಿದರೂ ನಿನಗೆ ತಿಳಿಯುತ್ತಿತ್ತು. ಹೇಳಿಬಿಡುತ್ತೇನೆ.

ಗುಬ್ಬಿ ಚೆನ್ನಾಗಿರಲಿಲ್ಲ. ಜನವರಿಯಲ್ಲಿ ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತಿದ್ದಾಗ ಕಣ್ಣು ಕತ್ತಲೆ ಬಂದು ಬಿದ್ದಳು. ಫ್ಯಾಕ್ಟರಿಗೆ ಸುದ್ದಿ ಬಂದಾಗ ಅರ್ಧ ಹೊಲಿದ ಕಾಲರು ಕೈಯಲ್ಲೇ ಹಿಡಿದುಕೊಂಡು ಓಡಿದ್ದೆ. ಆರೋಗ್ಯ ಕೇಂದ್ರದ ನರ್ಸು ಬೆರಳು ಚುಚ್ಚಿ ರಕ್ತ ನೋಡಿದಳು. ಹನ್ನೊಂದೂವರೆಗಿಂತ ಮೇಲಿರಬೇಕಾದದ್ದು ಎಂಟು ಇತ್ತು.

"ಮನೇಲಿ ಏನೇನು ಊಟ ಮಾಡ್ತೀರಿ?" ಎಂದು ಕೇಳಿದಳು.

"ಎಲ್ಲಾ ತಿಂತೀವಿ ಸಿಸ್ಟರ್. ತರಕಾರಿ, ಹಣ್ಣು, ಹಾಲು" ಎಂದೆ.

ಅವಳು ಪೆನ್ನು ಕೆಳಗಿಟ್ಟಳು. "ಎಲ್ಲಾ ತಿಂತೀವಿ ಅಂತ ಇಲ್ಲಿ ಎಲ್ಲರೂ ಹೇಳ್ತಾರೆ. ನಿನ್ನೆ ಏನು ತಿಂದ್ರಿ, ಅದಷ್ಟೇ ಹೇಳಿ."

ನಾನು ಬಾಯಿ ತೆರೆಯುವ ಮೊದಲೇ ಗುಬ್ಬಿ ಶುರು ಮಾಡಿದಳು. "ಬೆಳಿಗ್ಗೆ ಬ್ರೆಡ್ಡು ಟೀ. ಮಧ್ಯಾಹ್ನ ಬ್ರೆಡ್ಡು. ಸಾಯಂಕಾಲ ಅನ್ನ, ಉಪ್ಪು, ಆಲೂಗಡ್ಡೆ. ಅಮ್ಮ ತಿನ್ನಲಿಲ್ಲ, ಅವಳಿಗೆ ಹಸಿವಿರಲಿಲ್ಲ."

ನರ್ಸು ನನ್ನ ಮುಖವನ್ನೇ ನೋಡಿದಳು. ಬೈಯಲಿಲ್ಲ. ಮೇಜಿನ ಕೆಳಗಿನಿಂದ ಒಂದು ಅರ್ಜಿ ತೆಗೆದು ತಾನೇ ತುಂಬಿದಳು. ಹತ್ತು ದಿನದಲ್ಲಿ ಮನೆಗೆ ಒಂದು ಹಸಿರು ಕಾರ್ಡು ಬಂತು. ಕಡಿಮೆ ಆದಾಯದ ಮನೆಗಳಿಗೆ ಸರ್ಕಾರ ಕೊಡುವುದು. ಅದನ್ನು ತೋರಿಸಿದರೆ ತರಕಾರಿ, ಹಣ್ಣು, ಬೇಳೆಕಾಳು, ಹಾಲು, ಮೊಟ್ಟೆಗೆ ಬೆಲೆಯ ಕಾಲು ಭಾಗ ನಾವು ಕೊಟ್ಟರೆ ಸಾಕು, ಉಳಿದದ್ದು ಅವರದು. ಬಿಸ್ಕತ್ತು, ಬಣ್ಣದ ಪಾನೀಯ, ಅಂಥದ್ದಕ್ಕೆಲ್ಲ ನಡೆಯುವುದಿಲ್ಲ.

ಮೊದಲ ದಿನ ಮಾರುಕಟ್ಟೆಯಲ್ಲಿ ಅಂಗಡಿಯ ಮುಂದಿನ ಜನ ಖಾಲಿಯಾಗಲಿ ಎಂದು ಕಂಬದ ಹಿಂದೆ ಕಾದು ನಿಂತಿದ್ದೆ. ಅಲ್ಲಿ ತರಕಾರಿ ಮಾರುವವಳನ್ನು ಎಲ್ಲರೂ ತಕ್ಕಡಿಯಮ್ಮ ಎಂದೇ ಕರೆಯುವುದು. ನಾನು ಕಾರ್ಡನ್ನು ಅಂಗೈಯಲ್ಲಿ ಮುಚ್ಚಿ ಮುಂದೆ ಚಾಚಿದೆ.

"ಹಂಗೆ ಬಚ್ಚಿಟ್ಕೊಂಡ್ರೆ ಮಿಷನ್ನಿಗೆ ಹೆಂಗಮ್ಮ ಕಾಣಬೇಕು? ಕೊಡಿಲ್ಲಿ" ಎಂದು ಕಸಿದುಕೊಂಡಳು. ಆಮೇಲೆ ದನಿ ತಗ್ಗಿಸಿ, "ನಾಚ್ಕೋಬೇಡ. ಇದು ಬರೋಕೆ ಮುಂಚೆ ನನ್ನ ಸೊಪ್ಪೆಲ್ಲ ಬಾಡಿ ಕಸಕ್ಕೆ ಹೋಗ್ತಿತ್ತು. ನೀವು ತಗೊಳ್ಳೋದ್ರಿಂದ ನನಗೂ ಉಪಕಾರಾನೇ" ಎಂದಳು. ನಾನು ಕೇಳದಿದ್ದರೂ ಒಂದು ನಿಂಬೆಹಣ್ಣು ಚೀಲಕ್ಕೆ ಹಾಕಿದಳು.

ನೀನು ಏನು ಹೇಳುತ್ತೀ ಎಂದು ಗೊತ್ತು ಅಪ್ಪ. ನಾನು ಒಂಬತ್ತು ವರ್ಷದವಳಿದ್ದಾಗ ಅಮ್ಮ ಎಲ್ಲಿಂದಲೋ ಆಹಾರದ ಚೀಟಿ ತಂದಿದ್ದಳು. ನೀನು ಮಿಲ್ಲಿನ ಕ್ಯಾಂಟೀನಿನಿಂದ ಬಂದವನು ಅದನ್ನು ನೋಡಿದೆ. "ಊರಿಗೆಲ್ಲ ಬಡಿಸೋನ ಮನೆಗೆ ಭಿಕ್ಷೆ ಬೇಡ" ಎಂದು ಹರಿದು ಹಾಕಿದೆ. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ.

ನಿನಗೆ ಕೋಪ ಬಂದರೆ ಬರಲಿ. ಈ ಕಾರ್ಡನ್ನು ನಾನು ಹಿಂದಕ್ಕೆ ಕೊಡುವುದಿಲ್ಲ.

ನಿನ್ನ ಮಗಳು


ಮಾರ್ಚ್ 27

ಅಪ್ಪ,

ಎರಡು ಲಾರಿ ಬಂದು ಹೋದವು. ನಿನ್ನ ಪತ್ರ ಇಲ್ಲ. ಅಂಚೆಯವನನ್ನು ಮೆಟ್ಟಿಲ ಹತ್ತಿರ ತಡೆದು ಕೇಳಿದೆ. "ಇದ್ರೆ ನಾನೇನು ತಿಂದುಬಿಡ್ತೀನಾ ಅಕ್ಕ?" ಎಂದ.

ಹುಷಾರಾಗಿದ್ದೀಯಾ? ಅಷ್ಟು ಬರೆದರೂ ಸಾಕು.

ನಿನ್ನ ಕುಂಬಳಕಾಯಿ ಗೆದ್ದಿತು. ಗುಬ್ಬಿ ಎರಡು ಸಲ ಹಾಕಿಸಿಕೊಂಡಳು. ಸೊಪ್ಪು ಮಾತ್ರ ಸೋತಿತು. ಇವರು ಅದನ್ನು ಒಂದು ಗಂಟೆ ಕುದಿಸಿದರು. ಗುಬ್ಬಿ ಬಟ್ಟಲೊಳಗೆ ಇಣುಕಿ, "ಇದರಲ್ಲಿ ಕಪ್ಪೆ ಇದೆಯಾ?" ಎಂದು ಕೇಳಿದಳು. ಇವರು ಮುಖ ಸಪ್ಪಗೆ ಮಾಡಿಕೊಂಡು ಬಟ್ಟಲು ಪೂರ್ತಿ ತಾವೇ ಕುಡಿದರು.

ನಿನ್ನ ಮಗಳು


ಏಪ್ರಿಲ್ 7

ಕಾಲು ಮುರಿದುಕೊಂಡವನಿಗೆ,

ಈ ಪತ್ರವನ್ನು ಅವಳಿಗೆ ತೋರಿಸಬೇಕಾಗಿಲ್ಲ.

ಸೊಪ್ಪು ಕೊಳೆ ಬಟ್ಟೆಯಲ್ಲ, ಗಂಟೆಗಟ್ಟಲೆ ಕುದಿಸಲು. ಗುಬ್ಬಿ ಕೇಳಿದ್ದು ಸರಿಯಾಗಿಯೇ ಇದೆ. ನೀನು ಮಾಡಿದ್ದು ಕೊಳವೇ. ಕೇಳಿಸಿಕೋ. ಸೊಪ್ಪನ್ನು ಮೂರು ನೀರಿನಲ್ಲಿ ತೊಳೆ. ಮೊದಲು ತೊಳೆ, ಆಮೇಲೆ ಕತ್ತರಿಸು. ಕತ್ತರಿಸಿ ತೊಳೆದರೆ ಸತ್ವವೆಲ್ಲ ಮೋರಿಗೆ ಹೋಗುತ್ತದೆ. ಬಾಣಲೆ ಚೆನ್ನಾಗಿ ಕಾಯಲಿ. ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಅದರ ಮೇಲೆ ಸೊಪ್ಪು. ನೀರು ಹಾಕಬೇಡ, ಅದರ ನೀರು ಅದಕ್ಕೆ ಸಾಕು. ಬಣ್ಣ ಇನ್ನೂ ಹಸಿರಾಗಿರುವಾಗಲೇ ಇಳಿಸು. ನೀನು ಬಣ್ಣದ ಕೆಲಸದವನು, ಇಷ್ಟಾದರೂ ನಿನಗೆ ತಿಳಿಯಬೇಕು. ಒಲೆ ಆರಿಸಿದ ಮೇಲೆ ನಿಂಬೆಹಣ್ಣು ಹಿಂಡು. ಹುಳಿ ಬಿದ್ದರೆ ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತುತ್ತದೆ. ಕ್ಯಾಂಪಿನ ಡಾಕ್ಟರನ್ನು ಕೇಳಿ ಬರೆಯುತ್ತಿದ್ದೇನೆ, ನನ್ನ ಸ್ವಂತ ಮಾತಲ್ಲ. ಮಗುವಿಗೆ ಊಟದ ಜೊತೆ ಟೀ ಕೊಡಬೇಡಿ.

ಮೊಟ್ಟೆಯನ್ನು ಹೇಗೆ ಮಾಡುತ್ತೀ, ಬರೆ.

ಗುಬ್ಬಿಯ ರಕ್ತ ಈಗ ಎಷ್ಟಿದೆ, ಅದನ್ನೂ ಬರೆ.

ಗುಬ್ಬಿಯ ಅಜ್ಜ


ಏಪ್ರಿಲ್ 18

ಮಾವನವರಿಗೆ ನಿಮ್ಮ ಅಳಿಯನ ನಮಸ್ಕಾರಗಳು.

ನಿಮ್ಮ ಪತ್ರದ ಮೇಲೆ ನನ್ನ ಹೆಸರು ನೋಡಿ, ಯಾರೋ ಬಾಕಿ ವಸೂಲಿಗೆ ಬರೆದಿದ್ದಾರೆ ಎಂದುಕೊಂಡೆ. ಒಡೆದು ನೋಡಿದರೆ ಬೆಳ್ಳುಳ್ಳಿ! ನಾಲ್ಕು ಸಲ ಓದಿದೆ.

ನೀವು ಹೇಳಿದ ಹಾಗೆಯೇ ಮಾಡಿದೆ. ಊರುಗೋಲನ್ನು ಕಂಕುಳಲ್ಲಿ ಇಟ್ಟುಕೊಂಡು, ಬಾಣಲೆಯ ಮೇಲಿಂದ ಕಣ್ಣು ತೆಗೆಯದೆ ನಿಂತಿದ್ದೆ. ಆ ಹಸಿರನ್ನು ಏನೆಂದು ಹೇಳಲಿ? ಡಬ್ಬಿಯಲ್ಲಿ ಬರುವ ಯಾವ ಬಣ್ಣದಲ್ಲೂ ಅದಿಲ್ಲ. ಇನ್ನೊಂದು ನಿಮಿಷ ಬಿಟ್ಟಿದ್ದರೆ ಹೊರಟುಹೋಗುತ್ತಿತ್ತು. ಗುಬ್ಬಿ ಒಂದು ತುತ್ತು ತಿಂದು, "ಅಪ್ಪ, ಇವತ್ತು ಯಾರು ಅಡುಗೆ ಮಾಡಿದ್ದು?" ಎಂದಳು. "ನಿಮ್ಮಜ್ಜ" ಎಂದೆ. ಅವಳು ಬಾಗಿಲ ಹಿಂದೆ ಹೋಗಿ ನೋಡಿ ಬಂದಳು.

ಮೊಟ್ಟೆಯನ್ನು ಹತ್ತು ನಿಮಿಷ ಬೇಯಿಸುತ್ತೇನೆ. ಅದು ತಪ್ಪಿದ್ದರೆ ಬೈಯಿರಿ. ಗುಬ್ಬಿಯ ರಕ್ತ ಕಳೆದ ವಾರ ಒಂಬತ್ತೂವರೆ. ನರ್ಸು ಕೊಟ್ಟ ಟಾನಿಕ್ಕನ್ನೂ ಕುಡಿಯುತ್ತಿದ್ದಾಳೆ.

ಒಂದು ಮಾತು, ಸಲಿಗೆ ಎಂದುಕೊಳ್ಳಬೇಡಿ. ನಿಮ್ಮ ಪತ್ರವನ್ನು ಅವಳಿಗೆ ತೋರಿಸಲಿಲ್ಲ. ಆದರೆ ಬಾಣಲೆ ನೋಡಿದ ಕೂಡಲೇ ಅವಳಿಗೆ ತಿಳಿಯಿತು. ಬೆಳ್ಳುಳ್ಳಿಯ ವಾಸನೆಗೆ ಬಾಗಿಲಲ್ಲೇ ನಿಂತುಬಿಟ್ಟಳು. ಊಟ ಮುಗಿಸಿ, ನೀರು ತರುತ್ತೇನೆ ಎಂದು ಬಿಂದಿಗೆ ಹಿಡಿದು ಹೋದವಳು ಬಹಳ ಹೊತ್ತು ಬರಲಿಲ್ಲ. ಮೂರನೆಯ ಮಹಡಿಯ ಮೆಟ್ಟಿಲ ಮೇಲೆ ಕುಳಿತಿದ್ದಳು. ಬಿಂದಿಗೆ ಖಾಲಿಯೇ ಇತ್ತು.

ನೀವು ನನಗೆ ಬರೆದಿರಿ, ಅದು ನನ್ನ ಭಾಗ್ಯ. ಅವಳಿಗೂ ಬರೆಯಿರಿ.

ನಿಮ್ಮ ಅಳಿಯ


ಮೇ 3

ಮಗಳೇ,

ಇಷ್ಟು ದಿನ ಬರೆಯದೆ ಇದ್ದದ್ದು ಕೋಪದಿಂದಲ್ಲ. ಕುಳಿತಾಗಲೆಲ್ಲ ಕಾಗದ ಖಾಲಿಯಾಗಿಯೇ ಉಳಿಯುತ್ತಿತ್ತು. ತರಕಾರಿ ಹೆಚ್ಚುವ ಕೈಗೆ ಇದು ಬರುವುದಿಲ್ಲ. ಆದರೂ ಬರೆಯುತ್ತೇನೆ.

ಚೀಟಿ ಹರಿದದ್ದು ನಿಜ. ನಿನಗೆ ಗೊತ್ತಿಲ್ಲದ್ದನ್ನು ಈಗ ಹೇಳುತ್ತೇನೆ. ಮರುದಿನ ನಾನು ಕೆಲಸದಿಂದ ಬೇಗ ಬಂದೆ. ನಿನ್ನ ಅಮ್ಮ ನೆಲದ ಮೇಲೆ ಕುಳಿತು ಆ ಚೂರುಗಳನ್ನು ಅಂಟಿಸುತ್ತಿದ್ದಳು. ನನ್ನನ್ನು ನೋಡಲಿಲ್ಲ. ನಾನು ಹೊಸ್ತಿಲಿನಿಂದಲೇ ತಿರುಗಿ ಹೋಗಿ ಬೀದಿ ಸುತ್ತಿ ಬಂದೆ. ಅವಳು ಅದನ್ನು ಕಚೇರಿಗೆ ಒಯ್ದಳೆಂದೂ, ಹರಿದ ಚೀಟಿ ನಡೆಯುವುದಿಲ್ಲ ಎಂದು ವಾಪಸು ಕಳಿಸಿದರೆಂದೂ ಪಕ್ಕದ ಮನೆಯವರಿಂದ ತಿಳಿಯಿತು. ಅವಳು ಹೇಳಲಿಲ್ಲ. ನಾನು ಕೇಳಲಿಲ್ಲ.

ಅಮ್ಮನಿಗೆ ಮೊಟ್ಟೆ ಸೇರುವುದಿಲ್ಲ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಎರಡು ಮೊಟ್ಟೆ ತಂದರೆ ಒಂದು ನಿನಗೆ, ಒಂದು ನನಗೆ. ನೀನೂ ನಂಬಿದ್ದೆ, ನಾನೂ ನಂಬಿದ್ದೆ. ಅವಳ ಕೊನೆಯ ವಾರ, ಆಸ್ಪತ್ರೆಯಲ್ಲಿ ತಟ್ಟೆಯ ಮೇಲೆ ಬೇಯಿಸಿದ ಮೊಟ್ಟೆ ಇಟ್ಟರು. "ಅವಳಿಗೆ ಅದು ಸೇರಲ್ಲ, ತಗೊಂಡು ಹೋಗಿ" ಎಂದೆ. ನಿನ್ನ ಅಮ್ಮ ತಟ್ಟೆಯ ಅಂಚನ್ನು ಹಿಡಿದುಕೊಂಡಳು. "ಇರಲಿ ಬಿಡಿ" ಎಂದಳು. ನಿಧಾನವಾಗಿ ಪೂರ್ತಿ ತಿಂದಳು. ತಟ್ಟೆಗೆ ಅಂಟಿದ್ದ ಹಳದಿಯನ್ನೂ ಬೆರಳಿನಿಂದ ಒರೆಸಿ ಬಾಯಿಗಿಟ್ಟುಕೊಂಡಳು. ನಾನು ಕಿಟಕಿಯ ಕಡೆ ತಿರುಗಿ ನಿಂತೆ.

ಮಿಲ್ಲಿನಲ್ಲಿ ಯಾರಿಗೆ ಖಾರ ಹೆಚ್ಚು, ಯಾರಿಗೆ ಉಪ್ಪು ಕಡಿಮೆ, ಎಲ್ಲ ನನಗೆ ಬಾಯಿಪಾಠವಾಗಿತ್ತು. ನನ್ನ ಮನೆಯಲ್ಲಿ ಒಬ್ಬಳಿಗೆ ಏನು ಇಷ್ಟ ಎಂಬುದು ತಿಳಿಯಲಿಲ್ಲ.

ಗುಬ್ಬಿ ನರ್ಸಿನ ಮುಂದೆ ಹೇಳಿದ ಮಾತನ್ನು, ಅಮ್ಮನಿಗೆ ಹಸಿವಿರಲಿಲ್ಲ ಎಂಬ ಮಾತನ್ನು ಓದಿದ ದಿನ ಪತ್ರ ಮಡಚಿಟ್ಟು ಹೊರಗೆ ಹೋಗಿ ನಿಂತೆ. ಅಂದು ನೂರ ನಲವತ್ತು ಜನರ ಅನ್ನ ತಳ ಹಿಡಿಯಿತು. ಎಲ್ಲರೂ ಹಾಗೆಯೇ ಉಂಡು ತಟ್ಟೆ ತೊಳೆದಿಟ್ಟರು. ಅಷ್ಟು ವರ್ಷದಲ್ಲಿ ಮೊದಲ ಸಲ ಆದದ್ದು, ಅವರಿಗೂ ಏನೋ ತಿಳಿದಿರಬೇಕು.

ಕಾರ್ಡನ್ನು ಇಟ್ಟುಕೋ. ಅದನ್ನು ಯೋಚಿಸಿದವರು ಯಾರೋ, ಕೊಟ್ಟವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ. ಆ ನರ್ಸಮ್ಮನಿಗೆ ನನ್ನ ನಮಸ್ಕಾರ ಹೇಳು. ನಿನ್ನ ಪಾಲಿನ ಮೊಟ್ಟೆಯನ್ನು ನೀನು ತಿನ್ನು. ಎಲ್ಲರ ಎದುರಿಗೆ ಕುಳಿತು ತಿನ್ನು.

ಹತ್ತು ನಿಮಿಷ ಬೇಯಿಸುವುದು ಸರಿಯೇ ಇದೆ ಎಂದು ಅವನಿಗೆ ಹೇಳು.

ಅಪ್ಪ


ಮೇ 16

ಅಪ್ಪನಿಗೆ,

ನಿನ್ನ ಪತ್ರವನ್ನು ಫ್ಯಾಕ್ಟರಿಯಲ್ಲಿ ಊಟದ ಬಿಡುವಿನಲ್ಲಿ ಓದಿದೆ. ಪಕ್ಕದ ಮಿಷನ್ನಿನವಳು ನನ್ನ ಮುಖ ನೋಡಿ, "ಮನೇಲಿ ಎಲ್ಲಾ ಸರಿ ಇದೆಯಾ?" ಎಂದಳು. "ಸರಿ ಹೋಯ್ತು ಕಣೇ" ಎಂದೆ. ಅದರ ಬಗ್ಗೆ ಹೆಚ್ಚು ಬರೆಯಲಾರೆ. ನೀನು ಬಂದಾಗ ಪಕ್ಕದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿರೋಣ.

ಸಂಜೆ ಮೊಟ್ಟೆ ತಿಂದೆ. ಗುಬ್ಬಿ ಎದುರಿಗೆ ಕುಳಿತು ಪರೀಕ್ಷೆಯ ಮೇಷ್ಟ್ರ ಹಾಗೆ ನೋಡುತ್ತಿದ್ದಳು.

ಈಗ ಒಳ್ಳೆಯ ಸುದ್ದಿ. ರಕ್ತ ಹನ್ನೊಂದೂಮುಕ್ಕಾಲು! ನರ್ಸು ಚೀಟಿಯನ್ನು ಎರಡು ಸಲ ನೋಡಿದಳು. ಗುಬ್ಬಿಯನ್ನು ಎತ್ತಿ ಮೇಜಿನ ಮೇಲೆ ನಿಲ್ಲಿಸಿದಳು. ಮನೆಗೆ ಬಂದಾಗ ಗುಬ್ಬಿ ಮೂರು ಮಹಡಿಯ ಮೆಟ್ಟಿಲನ್ನೂ ನನಗಿಂತ ಮೊದಲು ಓಡಿ ಹತ್ತಿದಳು. ನಾನು ಅರ್ಧದಲ್ಲಿ ಕೈಚೀಲ ಕೆಳಗಿಟ್ಟು, ಅವಳ ಕಾಲಿನ ಸದ್ದು ಮೇಲೆ ಮೇಲೆ ಹೋಗುವುದನ್ನು ಕೇಳುತ್ತ ನಿಂತೆ. ಜನವರಿಯಲ್ಲಿ ಇದೇ ಮೆಟ್ಟಿಲ ಮೇಲೆ ಅವಳನ್ನು ಹೊತ್ತುಕೊಂಡು ಹೋಗುತ್ತಿದ್ದೆ.

ಇನ್ನೊಂದು ಸುದ್ದಿ, ಇದಕ್ಕೆ ನೀನು ಬೈಯುತ್ತೀ. ಇವರು ನಿನ್ನ ಪತ್ರಗಳನ್ನು ನರ್ಸಿಗೆ ತೋರಿಸಿದರು. ಅಡುಗೆಯ ಭಾಗ ಮಾತ್ರ, ಉಳಿದದ್ದನ್ನು ಮಡಚಿ ಹಿಡಿದಿದ್ದರು. ನರ್ಸು ಹೇಳಿದ್ದು ಇಷ್ಟು: "ಕಾರ್ಡು ಕೊಡೋದು ನಮಗೆ ಸುಲಭ. ಅದರಲ್ಲಿ ಸಿಗೋದನ್ನ ಹೆಂಗೆ ಬೇಯಿಸಬೇಕು ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ಬೀಟ್‌ರೂಟ್ ತಗೊಂಡು ಹೋಗಿ ಕಿಟಕೀಲಿ ಒಣಗಿಸ್ತಾರೆ." ಇವರು ಮರುದಿನವೇ ಹಳೆಯ ತಗಡು ತರಿಸಿ, ಕುರ್ಚಿಯಲ್ಲಿ ಕುಳಿತುಕೊಂಡು ನಿನ್ನ ಮಾತುಗಳನ್ನು ಬೋರ್ಡುಗಳ ಮೇಲೆ ದೊಡ್ಡದಾಗಿ ಬರೆದರು. ಈಗ ಅವು ತಕ್ಕಡಿಯಮ್ಮನ ಅಂಗಡಿಯಲ್ಲಿ ಒಂದೊಂದು ತರಕಾರಿಯ ಮೇಲೂ ನೇತಾಡುತ್ತಿವೆ. "ಸೊಪ್ಪು ಕೊಳೆ ಬಟ್ಟೆಯಲ್ಲ, ಗಂಟೆಗಟ್ಟಲೆ ಕುದಿಸಲು." "ಏನೂ ಹೇಳದೆ ತಟ್ಟೆಯಲ್ಲಿಟ್ಟು ನೀವು ಬೇರೆ ಕಡೆ ನೋಡಿ." ಜನ ನಿಂತು ಓದಿ ನಗುತ್ತಾರೆ, ನಕ್ಕು ಒಂದು ಕಟ್ಟು ಕೊಳ್ಳುತ್ತಾರೆ. "ಯಾರಮ್ಮ ಇದು ಬರೆದೋರು, ಇಷ್ಟು ಸಿಡುಕು?" ಎಂದು ಒಬ್ಬ ಮುದುಕಿ ಕೇಳಿದಳು.

"ನಮ್ಮಪ್ಪ" ಎಂದೆ.

ಮೊದಲ ದಿನ ನಾನು ಬಚ್ಚಿಟ್ಟುಕೊಂಡು ನಿಂತದ್ದು ಅದೇ ಅಂಗಡಿಯ ಕಂಬದ ಹಿಂದೆ.

ನಿನ್ನ ಮಗಳು


ಜೂನ್ 5

ಮಗಳೇ,

ನನ್ನ ಮಾತನ್ನು ಬೀದಿಯಲ್ಲಿ ನೇತುಹಾಕಲು ನಿಮಗೆ ಯಾರು ಹೇಳಿದರು? ಹಾಕಿದ್ದು ಹಾಕಿದಿರಿ. ಬಟಾಣಿಗೆ ಉಪ್ಪು ಕೊನೆಗೆ ಎಂದು ಸರಿಯಾಗಿ ಬರೆದಿದ್ದಾನಾ, ನೋಡು. ಮೊದಲೇ ಹಾಕಿದರೆ ಕಲ್ಲಿನ ಹಾಗೆ ಕೂರುತ್ತದೆ, ಜನ ನನ್ನನ್ನು ಬೈಯುತ್ತಾರೆ. ಹೂಕೋಸಿನ ಬೋರ್ಡು ಇದೆಯಾ? ಇಲ್ಲದಿದ್ದರೆ ಬರೆದು ಕಳಿಸುತ್ತೇನೆ. ಅದರ ದಂಟನ್ನು ಎಲ್ಲರೂ ಎಸೆಯುತ್ತಾರೆ. ರುಚಿ ಇರುವುದೇ ದಂಟಿನಲ್ಲಿ.

ಹನ್ನೊಂದೂಮುಕ್ಕಾಲು ಎಂಬುದನ್ನು ಸೀಮೆಸುಣ್ಣದಿಂದ ನನ್ನ ಅಡುಗೆಮನೆಯ ಬಾಗಿಲ ಮೇಲೆ ಬರೆದಿಟ್ಟಿದ್ದೇನೆ. ಏನದು ಎಂದು ಕೇಳಿದವರಿಗೆಲ್ಲ ಹೇಳಿದ್ದೇ ಹೇಳಿದ್ದು.

ಕಳೆದ ಮಂಗಳವಾರ ಸುರಂಗದ ಎರಡೂ ಬಾಯಿ ಕೂಡಿಕೊಂಡವು. ಆ ಕಡೆಯ ಗಾಳಿ ಈ ಕಡೆಗೆ ಬಂತು. ಎಲ್ಲರೂ ಕುಣಿದರು, ನನ್ನನ್ನೂ ಎಳೆದುಕೊಂಡರು. ಕೆಲಸ ಮುಗಿಯಿತು ಎಂದ ಮೇಲೆ ಕ್ಯಾಂಪೂ ಮುಗಿಯಿತು. ತಿಂಗಳ ಕೊನೆಗೆ ಡೇರೆ ಕೀಳುತ್ತಾರೆ. ಮುಂದಿನ ಬೆಟ್ಟಕ್ಕೆ ವಯಸ್ಸಿನ ಅಡುಗೆಯವನು ಬೇಕಂತೆ, ಎಂದರೆ ಚಿಕ್ಕ ವಯಸ್ಸಿನವನು. ಮ್ಯಾನೇಜರು ಸಂಕೋಚದಿಂದಲೇ ಹೇಳಿದ. ನನಗೂ ಮಂಡಿ ಮಾತು ಕೇಳುವುದಿಲ್ಲ ಈಗೀಗ.

ನಿಮ್ಮ ಊರಿನ ಕಡೆಗೇ ಬರೋಣ ಎಂದುಕೊಂಡಿದ್ದೇನೆ. ಸಣ್ಣದೊಂದು ಕೋಣೆ ಎಲ್ಲಾದರೂ ಇದ್ದರೆ ನೋಡಿಟ್ಟಿರು. ನಿಮಗೆ ಭಾರವಾಗುವುದಿಲ್ಲ.

ಅಪ್ಪ


ಜೂನ್ 15

ಮಾವನವರಿಗೆ ನಮಸ್ಕಾರಗಳು.

ನಿಮ್ಮ ಮಗಳು ಬರೆಯಲು ಕುಳಿತಳು, ಎರಡು ಕಾಗದ ಹರಿದಳು, ನನ್ನ ಕೈಗೆ ಪೆನ್ನು ಕೊಟ್ಟಳು. ಕೋಣೆ ನೋಡಿದ್ದೇವೆ. ನಮ್ಮ ಮನೆಯದೇ. ಕಿಟಕಿಯ ಪಕ್ಕ ನಾನು ಕಾಲು ಚಾಚಿ ಮಲಗುತ್ತಿದ್ದ ಜಾಗ ಖಾಲಿಯಾಗಿದೆ, ಪ್ಲಾಸ್ಟರು ತೆಗೆದರು. ಗೋಡೆಗೆ ಬಣ್ಣ ಹೊಡೆದಿದ್ದೇನೆ, ನೆಲದ ಮೇಲೆ ನಿಂತೇ. ದಿನಕ್ಕೆ ಅರ್ಧ ಹೊತ್ತಿನ ಕೆಲಸವೂ ಶುರುವಾಗಿದೆ.

ನಿನ್ನೆ ಕಾರ್ಡಿನ ಹೊಸ ಅರ್ಜಿಗೆ ಹೋಗಿದ್ದೆವು. ಆರು ತಿಂಗಳಿಗೊಮ್ಮೆ ಹೊಸದಾಗಿ ಬರೆಸಬೇಕು. ನರ್ಸು, "ಮನೇಲಿ ಎಷ್ಟು ಜನ?" ಎಂದಳು. ನಿಮ್ಮ ಮಗಳು "ಮೂರು" ಎನ್ನುವುದಕ್ಕೂ ನಾನು "ನಾಲ್ಕು" ಎನ್ನುವುದಕ್ಕೂ ಸರಿಹೋಯಿತು.

"ಒಂದು ತೀರ್ಮಾನಕ್ಕೆ ಬನ್ನಿ" ಎಂದು ನರ್ಸು ನಕ್ಕಳು.

"ನಾಲ್ಕು. ನಮ್ಮ ಮಾವ ಬರ್ತಾ ಇದ್ದಾರೆ."

"ಯಾರು, ಬೋರ್ಡಿನ ಸಿಡುಕಜ್ಜನಾ?" ನರ್ಸು ಕುರ್ಚಿಯಿಂದ ಎದ್ದೇಬಿಟ್ಟಳು. "ಅವರು ಬಂದ್ರೆ ಶನಿವಾರ ಇಲ್ಲೇ ಅಂಗಳದಲ್ಲಿ ಒಲೆ ಇಡಿಸ್ತೀನಿ. ಬೈಕೊಂಡೇ ಕಲಿಸಲಿ, ಪರವಾಗಿಲ್ಲ."

ಅವಳು ನಿಮಗೂ ಒಂದು ಅರ್ಜಿ ಕೊಟ್ಟಿದ್ದಾಳೆ. ಇದರ ಜೊತೆ ಇಟ್ಟಿದ್ದೇನೆ. ನಾಲ್ಕನೆಯವರ ಹೆಸರು ಸೇರಬೇಕಾದರೆ ನಿಮ್ಮದೇ ಸಹಿ ಬೇಕು. ಹಾಕುವುದು ಬಿಡುವುದು ನಿಮ್ಮಿಷ್ಟ, ನಾವು ಒತ್ತಾಯ ಮಾಡುವುದಿಲ್ಲ. ಹಾಕದಿದ್ದರೂ ನಿಮ್ಮ ಹಾಸಿಗೆ ಇಲ್ಲೇ.

ಭಾರದ ಮಾತು ಬರೆದಿದ್ದೀರಿ. ನನ್ನ ಕಾಲು ನೆಟ್ಟಗಾದದ್ದು, ಮಗು ಮೆಟ್ಟಿಲು ಹತ್ತಿದ್ದು ಯಾರ ಕೈಯಿಂದ ಎಂಬುದನ್ನು ನಾವು ಮರೆತಿಲ್ಲ.

ನಿಮ್ಮ ಅಳಿಯ


ಜೂನ್ 26

ಮಗಳಿಗೂ ಅಳಿಯನಿಗೂ,

ಅರ್ಜಿಯನ್ನು ಎರಡು ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ನಿನ್ನೆ ಕ್ಯಾಂಪಿನ ಗುಮಾಸ್ತನ ಮೇಜಿನ ಮೇಲೆ ಬಿಡಿಸಿಟ್ಟೆ. ಅವನು ಪೆನ್ನು ಕೊಟ್ಟು, "ಏನಜ್ಜ, ಕೋರ್ಟು ಕಾಗದನಾ? ಇಷ್ಟು ಯೋಚನೆ ಮಾಡ್ತಿದ್ದೀರಿ" ಎಂದ. "ಅಲ್ಲಪ್ಪ, ಮನೆ ಕಾಗದ" ಎಂದೆ.

ಹೆಸರು ಬರೆದೆ. ವಯಸ್ಸು ಬರೆದೆ, ಸುಳ್ಳಿಲ್ಲದೆ. ಉದ್ಯೋಗ ಎಂಬಲ್ಲಿ ಗುಮಾಸ್ತ "ಇಲ್ಲ ಅಂತ ಹಾಕಿ" ಎಂದ. ನಾನು ಅಡುಗೆಯವನು ಎಂದೇ ಬರೆದೆ. ಮನೆಯಲ್ಲಿರುವವರು: ಮಗಳು, ಅಳಿಯ, ಮೊಮ್ಮಗಳು, ನಾನು. ಕೊನೆಗೆ ಸಹಿ. ಸ್ವಲ್ಪ ಸೊಟ್ಟಗಿದೆ. ಅವರು ಒಪ್ಪದಿದ್ದರೆ ಅಲ್ಲಿ ಬಂದು ಎದುರಿಗೇ ಇನ್ನೊಮ್ಮೆ ಹಾಕುತ್ತೇನೆ. ಸಹಿ ಹಾಕಿ ಹೊರಗೆ ಬಂದಾಗ ಮೈ ಹಗುರವಾಗಿತ್ತು. ಅಂದಿನ ಊಟವನ್ನು ಎಲ್ಲರೂ ಹೊಗಳಿದರು. ವಿಶೇಷವೇನೂ ಮಾಡಿರಲಿಲ್ಲ.

ಹುಡುಗರು ಒಂದು ಕಂಬಳಿ ಕೊಟ್ಟು ಕಳಿಸುತ್ತಿದ್ದಾರೆ. ನನ್ನ ಸಾಮಾನು ಹೆಚ್ಚಿಲ್ಲ. ಒಂದು ಪೆಟ್ಟಿಗೆ, ಎರಡು ಚಾಕು, ನನ್ನ ದಪ್ಪ ತಳದ ಬಾಣಲೆ. ನಿಮ್ಮ ಮನೆಯ ಬಾಣಲೆ ನಂಬುವಂಥದ್ದಲ್ಲ, ಪತ್ರದಲ್ಲೇ ತಿಳಿಯಿತು.

ಮುಂದಿನ ವಾರದ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಲಾರಿ ನನ್ನನ್ನು ಮಾರುಕಟ್ಟೆಯ ಬಾಗಿಲಲ್ಲಿ ಇಳಿಸುತ್ತದೆ. ಮೂವರೂ ಬನ್ನಿ. ಗುಬ್ಬಿಗೆ ಮೊದಲು ನನ್ನ ಮುಖ ಗುರುತಾಗಲಿಕ್ಕಿಲ್ಲ, ಹೆದರಿಸಬೇಡಿ, ಅವಳೇ ಹತ್ತಿರ ಬರಲಿ. ಮನೆಗೆ ಆಮೇಲೆ ಹೋಗೋಣ. ಮೊದಲು ತಕ್ಕಡಿಯಮ್ಮನ ಅಂಗಡಿ. ದೊಡ್ಡ ಚೀಲ ತನ್ನಿ. ಕಾರ್ಡು ಮರೆಯಬೇಡಿ.

ಸಾಲಿನಲ್ಲಿ ನಾನು ನಿಲ್ಲುತ್ತೇನೆ.

ಅಪ್ಪ